ಆವಿಗೆಯೂ ಶೇಷವೂ: ಕೈಗಾರಿಕಾ ತ್ಯಾಜ್ಯದಿಂದ ಕಟ್ಟಡ ಸಾಮಗ್ರಿ



ದತ್ತಿ ಎಂಬ ಶಬ್ದಕ್ಕೆ ಕೊಟ್ಟದ್ದು ಎಂದಷ್ಟೇ ಅರ್ಥ. ಒಬ್ಬ ಗೃಹಸ್ಥನು ತನ್ನ ಬಾಳಿನ ದುಡಿಮೆಯಲ್ಲಿ ಉಂಡುಟ್ಟು ಮಿಕ್ಕುದನ್ನು, ತಾನು ಕಣ್ಮರೆಯಾದ ಮೇಲೂ ಫಲ ಕೊಡುತ್ತಿರಲೆಂಬ ಆಶಯದಿಂದ ಲೋಕದ ಕೈಗೆ ಒಪ್ಪಿಸಿದಾಗ, ಆ ಮಿಕ್ಕ ಅಂಶವೇ ದತ್ತಿಯೆಂಬ ಗೌರವವನ್ನು ಪಡೆಯುತ್ತದೆ. ನಾನು ಇಂದು ಪ್ರಸ್ತಾಪಿಸಲಿರುವ ವಿಷಯವೂ ಮಿಕ್ಕುದನ್ನು ಕುರಿತದ್ದೇ ಆಗಿದೆ. ನಮ್ಮ ವಿದ್ಯುದಾಗಾರಗಳೂ ಗಣಿಗಳೂ ಕಾರ್ಖಾನೆಗಳೂ ತಮ್ಮ ಕೆಲಸ ಮುಗಿದೊಡನೆ ಹೊರಗೆ ಚೆಲ್ಲುವ ಬೂದಿ, ಕೆಸರು, ಪುಡಿಗಳನ್ನು ಇಟ್ಟಿಗೆಯಾಗಿ, ಹಂಚಾಗಿ, ನೆಲದ ಬಿಲ್ಲೆಯಾಗಿ ಮನುಷ್ಯನ ಮನೆಗೆ ಮರಳಿ ಬರಮಾಡಿಕೊಳ್ಳುವುದು ಸಾಧ್ಯವೆ, ಸಾಧ್ಯವಾದಲ್ಲಿ ಯಾವ ಎಚ್ಚರದಿಂದ, ಎಂಬುದೇ ಈ ದತ್ತಿ ಉಪನ್ಯಾಸದ ಪ್ರಶ್ನೆ. ಮಣ್ಣನ್ನು ಸುಡುವ ಉದ್ಯಮದ ಪರೀಕ್ಷಾಲಯದಲ್ಲಿ ಜೀವಮಾನದ ಬಹುಭಾಗವನ್ನು ಕಳೆದವನಾದುದರಿಂದ, ಈ ಪ್ರಶ್ನೆ ನನ್ನ ಪಾಲಿಗೆ ಪುಸ್ತಕದ ಪ್ರಶ್ನೆಯಲ್ಲ. ಕೈಯ ಬೆರಳುಗಳಿಗೆ ಪರಿಚಿತವಾದ ಪ್ರಶ್ನೆ.

ಕೆಡವಿದ ಮನೆಯೊಂದರ ಪಾಠ

ಕೆಲವು ದಿನಗಳ ಹಿಂದೆ ಬೆಂಗಳೂರಿನ ಜಯನಗರದ ಅಡ್ಡರಸ್ತೆಯೊಂದರಲ್ಲಿ ನಡೆದುಹೋಗುತ್ತಿದ್ದಾಗ, ಹಳೆಯ ಮನೆಯೊಂದನ್ನು ಕೆಡವುತ್ತಿದ್ದುದನ್ನು ಕಂಡು ನಿಂತೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಯನ್ನು ಹಿರಿಯರು ಮಡಕೆಯನ್ನು ನೋಡಿ ಹೇಳಿದರು. ಅದು ಮನೆಯ ವಿಷಯದಲ್ಲಿಯೂ ಅಷ್ಟೇ ಸತ್ಯವೆಂಬುದು ಜೆಸಿಬಿಯ ಒಂದೊಂದು ಏಟಿಗೂ ನನಗೆ ಮನವರಿಕೆಯಾಗುತ್ತಿತ್ತು. 1948ರಲ್ಲಿ ಅಸ್ತಿಭಾರ ಕಂಡ ಈ ಬಡಾವಣೆಯಲ್ಲಿ ಮೊದಲ ತಲೆಮಾರಿನ ಗೃಹಸ್ಥರು ಸಾಲ ಮಾಡಿ, ಮೇಸ್ತ್ರಿಯೊಡನೆ ದಿನವಿಡೀ ನಿಂತು, ಮನೆ ಕಟ್ಟಿ ನೋಡು ಎಂಬ ಮಾತಿನ ಕಷ್ಟವನ್ನೆಲ್ಲ ಅನುಭವಿಸಿ ಎಬ್ಬಿಸಿದ ಮನೆಗಳು ಈಗ ಒಂದೊಂದಾಗಿ ಬಹುಮಹಡಿಗಳಿಗೆ ಎಡೆಗೊಡುತ್ತಿರುವುದು ನಿಮಗೆಲ್ಲರಿಗೂ ಗೊತ್ತಿರುವ ಸಂಗತಿ.

ತಾರಸಿ ಮುರಿದ ಕಡೆ ಅದರ ಪದರಗಳು ಹಳೆಯ ಓಲೆಗರಿಯ ಕಟ್ಟಿನಂತೆ ಒಂದರ ಮೇಲೊಂದು ಕಾಣುತ್ತಿದ್ದವು. ಎಲ್ಲಕ್ಕೂ ಮೇಲೆ, ಬಿಸಿಲನ್ನು ಹಿಮ್ಮೆಟ್ಟಿಸಲೆಂದು ಒತ್ತಿ ಕೂರಿಸಿದ ಒಡಕು ಪಿಂಗಾಣಿ ಬಿಲ್ಲೆಗಳ ಬಿಳಿಯ ಚೂರುಗಳು; ಅವುಗಳ ಕೆಳಗೆ, ಸುಣ್ಣದಲ್ಲಿ ಕಲಸಿ ಬಡಿದು ಗಟ್ಟಿಮಾಡಿದ ಇಟ್ಟಿಗೆ ಜಲ್ಲಿ; ಅದಕ್ಕೂ ಕೆಳಗೆ ಕಾಂಕ್ರೀಟಿನ ಹಾಸು. ಒಡೆದ ಬಿಲ್ಲೆಯನ್ನೂ ಒಡೆದ ಇಟ್ಟಿಗೆಯನ್ನೂ ಬಿಸಾಡದೆ ಮನೆಯ ನೆತ್ತಿಯ ಮೇಲೆ ಹೊದಿಸಿದ ಆ ಗಾರೆ ಕೆಲಸದವರಿಗೆ ಮರುಬಳಕೆ ಎಂಬ ಮಾತು ಗೊತ್ತಿತ್ತೋ ಇಲ್ಲವೋ, ಕೆಲಸವಂತೂ ಗೊತ್ತಿತ್ತು.

ಉರುಳಿ ಬಿದ್ದಿದ್ದ ಒಂದು ಅರ್ಧ ಇಟ್ಟಿಗೆಯನ್ನು ಎತ್ತಿಕೊಂಡು ನೋಡಿದೆ. ಹೊರಗೆ ಹದವಾದ ಕೆಂಪು. ನಡುವೆ ಎರಡು ಬೆರಳಗಲದ ಕಪ್ಪು ತಿರುಳು. ಮಣ್ಣಿನಲ್ಲಿದ್ದ ಸಸ್ಯಾಂಶದ ಇಂಗಾಲವು ಪೂರ್ತಿ ಉರಿದುಹೋಗುವಷ್ಟು ಗಾಳಿಯೂ ಕಾಲವೂ ಗೂಡಿನಲ್ಲಿ ದೊರೆಯದಾಗ ಇಟ್ಟಿಗೆಯ ಎದೆಯಲ್ಲಿ ಈ ಮಸಿ ಉಳಿಯುತ್ತದೆ. ಆ ಕಪ್ಪು ತಿರುಳು ನನಗೆ ಎರಡು ಸಂಗತಿಗಳನ್ನು ಹೇಳಿತು: ಮೊದಲನೆಯದು, ಈ ಮಣ್ಣು ಬರಿಯ ಖನಿಜವಲ್ಲ, ಒಂದು ಕಾಲಕ್ಕೆ ಬೇರುಗಳನ್ನು ಹೊತ್ತಿದ್ದ ಫಲವತ್ತಾದ ಮೇಲ್ಮಣ್ಣು, ಎರಡನೆಯದು, ಇಟ್ಟಿಗೆಯು ತನ್ನೊಳಗೇ ಇಂಧನವನ್ನು ಹೊತ್ತುಕೊಂಡು ಬೇಯಬಲ್ಲುದು. ಈ ಎರಡು ಸಂಗತಿಗಳ ಮೇಲೆಯೇ ನನ್ನ ಮುಂದಿನ ಮಾತುಗಳು ನಿಂತಿವೆ.

ಒಂದು ಸಾಧಾರಣ ಇಟ್ಟಿಗೆಯ ತೂಕ ಸುಮಾರು 3 ಕಿಲೋಗ್ರಾಂ. ಇಪ್ಪತ್ತು ಸಾವಿರ ಇಟ್ಟಿಗೆ ಹಿಡಿಯುವ ಮನೆಯೊಂದು ಎದ್ದಿತೆಂದರೆ, ಎಲ್ಲಿಯೋ ಒಂದು ಹೊಲವೋ ಕೆರೆಯಂಗಳವೋ 60 ಟನ್ನಿಗೂ ಮಿಗಿಲಾದ ಮಣ್ಣನ್ನು ಕಳೆದುಕೊಂಡಿತೆಂದೇ ಲೆಕ್ಕ. ಬೈರಸಂದ್ರ, ತಾವರೆಕೆರೆ, ಮಡಿವಾಳಗಳ ಮೊದಲಕ್ಷರಗಳನ್ನು ಕೂಡಿಸಿ ಬಿಟಿಎಂ ಎಂದು ಹೆಸರಿಟ್ಟುಕೊಂಡ ಬಡಾವಣೆಯಲ್ಲಿ ವಾಸಿಸುವ ನಾವು, ತಾವರೆ ಅರಳುತ್ತಿದ್ದ ಕೆರೆಯ ನೆನಪನ್ನು ಒಂದೇ ಅಕ್ಷರದಲ್ಲಿ ಉಳಿಸಿಕೊಂಡಿದ್ದೇವೆ. ಮಾಲೂರು, ಆನೇಕಲ್, ಹೊಸಕೋಟೆಗಳ ಕಡೆಯಿಂದ ಲಾರಿಗಳಲ್ಲಿ ಬರುವ ಇಟ್ಟಿಗೆಯ ಬೆಲೆಯಲ್ಲಿ ಸೌದೆಯ ಬೆಲೆಯಿದೆ, ಕೂಲಿಯಿದೆ, ಲಾರಿಯ ಬಾಡಿಗೆಯಿದೆ; ಶತಮಾನಗಳಲ್ಲಿ ಅಂಗುಲ ಅಂಗುಲವಾಗಿ ಸಿದ್ಧವಾದ ಮಣ್ಣಿನ ನಿಜಬೆಲೆ ಮಾತ್ರ ಅದರಲ್ಲಿ ಸೇರಿಲ್ಲ.

ಬೆಂಕಿ ಮಾಡುವ ಕೆಲಸ

ಸಿರಾಮಿಕ್ ಎಂಬ ಶಬ್ದದ ಮೂಲ ಗ್ರೀಕರ ಕೆರಾಮೋಸ್. ಕುಂಬಾರನ ಮಣ್ಣೆಂದು ಅದರ ಅರ್ಥ. ನಮ್ಮ ಮೃಣ್ಮಯ ಎಂಬ ಮಾತು ಅದಕ್ಕೆ ಸಮೀಪವಾದುದು. ಮಣ್ಣನ್ನು ಆವಿಗೆಗೆ ಹಾಕಿದಾಗ ಮೊದಲು ಹೋಗುವುದು ಒದ್ದೆಯ ನೀರು. ಉಷ್ಣತೆ 450 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದಂತೆ, ಜೇಡಿಯ ಹರಳುಗಳ ಒಡಲಲ್ಲಿ ರಾಸಾಯನಿಕವಾಗಿ ಬೆಸೆದುಕೊಂಡಿದ್ದ ನೀರೂ ಹೊರಡುತ್ತದೆ. ಅಲ್ಲಿಂದ ಮುಂದೆ ಅದನ್ನು ಎಷ್ಟು ನೆನೆಯಿಸಿದರೂ ಮತ್ತೆ ಕೆಸರಾಗದು. 573 ಡಿಗ್ರಿಯಲ್ಲಿ ಬೆಣಚು ತನ್ನ ಹರಳಿನ ರೂಪವನ್ನು ಬದಲಿಸಿ ಥಟ್ಟನೆ ಹಿಗ್ಗುತ್ತದೆ. ಆ ಘಟ್ಟದಲ್ಲಿ ಆತುರಪಟ್ಟ ಗೂಡಿನಲ್ಲಿ ಬಿರುಕುಗಳು ಕಾಣಿಸಿಕೊಳ್ಳುತ್ತವೆ. 900ರಿಂದ 1000 ಡಿಗ್ರಿಗಳ ನಡುವೆ ಇಟ್ಟಿಗೆ ಪಕ್ವವಾಗುತ್ತದೆ. 1100 ದಾಟಿ 1200ರ ಸಮೀಪಕ್ಕೆ ಹೋದಾಗ ಕೆಲವು ಖನಿಜಗಳು ಕರಗಿ, ಗಾಜಾಗಿ, ಉಳಿದ ಕಣಗಳ ನಡುವಣ ರಂಧ್ರಗಳಿಗೆ ಹರಿದು ತುಂಬಿಕೊಳ್ಳುತ್ತವೆ. ನೀವು ಇಂದು ನೆಲಕ್ಕೆ ಹಾಕಿಸುವ ವಿಟ್ರಿಫೈಡ್ ಟೈಲ್ ತನ್ನ ತೂಕದ ಶೇಕಡಾ 0.5ರಷ್ಟೂ ನೀರನ್ನು ಹೀರದಿರುವುದು ಈ ಗಾಜಿನ ಪ್ರಸಾದದಿಂದ.

ಆದುದರಿಂದ ಮೃಣ್ಮಯ ವಸ್ತುವಿನ ಮಿಶ್ರಣದಲ್ಲಿ ಮೂವರ ಸಹಕಾರ ಬೇಕು. ಜೇಡಿಮಣ್ಣು ಮೈಯನ್ನು ಕೊಡುತ್ತದೆ. ಅಚ್ಚಿನಲ್ಲಿ ಕುಳಿತ ರೂಪವನ್ನು ಬಿಡದೆ ಹಿಡಿಯುವುದು ಅದರ ಗುಣ. ಬೆಣಚು ಎಲುಬಾಗುತ್ತದೆ; ಒಣಗುವಾಗಲೂ ಬೇಯುವಾಗಲೂ ಮೈ ಕುಗ್ಗಿ ಸೊಟ್ಟಗಾಗದಂತೆ ಒಳಗಿನಿಂದ ಆಧಾರವಾಗಿ ನಿಲ್ಲುತ್ತದೆ. ಫೆಲ್ಡ್‌ಸ್ಪಾರ್ ಎಂಬ ಖನಿಜ ತನ್ನಲ್ಲಿರುವ ಪೊಟ್ಯಾಷ್, ಸೋಡಾಗಳ ಬಲದಿಂದ ಮೊದಲು ಕರಗಿ ಬೆಸುಗೆಯಾಗುತ್ತದೆ. ವಿದ್ಯುತ್ ಕಂಬದ ಪಿಂಗಾಣಿಯಿಂದ ಹಿಡಿದು ಸ್ನಾನದ ಮನೆಯ ಬಿಲ್ಲೆಯವರೆಗೆ ಈ ಮೂವರೇ ಬೇರೆ ಬೇರೆ ಪ್ರಮಾಣದಲ್ಲಿ ಕೂಡಿ ಬಾಳುತ್ತಾರೆ. ನಾಲ್ಕನೆಯದಾಗಿ, ನಾನು ಆಗಲೇ ಹೇಳಿದಂತೆ, ಒಳಗೇ ಉರಿದು ಸಹಾಯಮಾಡುವ ಇಂಧನವೂ ಇರಬಹುದು.

ಕಾರ್ಖಾನೆಯ ಶೇಷವೊಂದನ್ನು ನಮ್ಮ ಮುಂದೆ ತಂದಿಟ್ಟಾಗ ಕೇಳಬೇಕಾದ ಮೊದಲ ಪ್ರಶ್ನೆ ಇಷ್ಟೇ: ಇದು ಮೈಯೋ, ಎಲುಬೋ, ಬೆಸುಗೆಯೋ, ಇಂಧನವೋ? ಈ ನಾಲ್ಕರಲ್ಲಿ ಒಂದೂ ಅಲ್ಲವಾದರೆ, ಅದನ್ನು ಇಟ್ಟಿಗೆಯಲ್ಲಿ ಸೇರಿಸುವುದು ಮರುಬಳಕೆಯಲ್ಲ, ಬಚ್ಚಿಡುವಿಕೆ. ಕಸದಿಂದ ರಸ ಎಂಬ ಮಾತು ಬಾಯಿಗೆ ಸುಲಭವಾಗಿ ಬರುತ್ತದೆ; ಯಾವ ಕಸದಲ್ಲಿ ಯಾವ ರಸವಿದೆಯೆಂದು ಬಲ್ಲವನಿಗೆ ಮಾತ್ರ ಅದನ್ನು ಆಡುವ ಅಧಿಕಾರವುಂಟು.

ಹಿಂದಿನವರ ಜಾಣ್ಮೆ

ನಮ್ಮ ನಾಡಿಗೆ ಈ ವಿದ್ಯೆ ಹೊಸತಲ್ಲ. ಕುಂಬಾರರು ಒಡೆದ ಮಡಕೆಯನ್ನು ಕುಟ್ಟಿ ಪುಡಿಮಾಡಿ ಹೊಸ ಮಣ್ಣಿಗೆ ಬೆರೆಸುವ ಪದ್ಧತಿ ಬಹು ಪುರಾತನವಾದುದು. ಒಮ್ಮೆ ಬೆಂದ ಕಣ ಮತ್ತೆ ಕುಗ್ಗದಾದುದರಿಂದ ಅದು ಹೊಸ ಮಡಕೆಗೆ ಎಲುಬಾಗುತ್ತದೆ. 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಅಣೆಕಟ್ಟೆಯ ಕಲ್ಲುಗಳನ್ನು ಬೆಸೆದಿರುವುದು ಸಿಮೆಂಟಲ್ಲ, ಸುರ್ಕಿ ಗಾರೆ ಎಂಬುದನ್ನು ಇಲ್ಲಿರುವ ಹಿರಿಯರು ಬಲ್ಲರು. ಸುರ್ಕಿ ಎಂದರೆ ಬೆಂದ ಇಟ್ಟಿಗೆಯ ಪುಡಿ. ಸುಣ್ಣದೊಡನೆ ಕಲಸಿದಾಗ ಅದು ನೀರಿನೊಳಗೂ ಗಟ್ಟಿಯಾಗುತ್ತದೆ. ಇಲ್ಲಿ ಗಮನಿಸತಕ್ಕ ಸೂಕ್ಷ್ಮವೊಂದುಂಟು: ಚೆನ್ನಾಗಿ ಬೆಂದು ಖಣಖಣಿಸುವ ಇಟ್ಟಿಗೆಗಿಂತ, ಹದವಾದ ಶಾಖದಲ್ಲಿ ಅರೆಬೆಂದ ಇಟ್ಟಿಗೆಯ ಪುಡಿಯೇ ಸುಣ್ಣದೊಡನೆ ಹೆಚ್ಚು ಚುರುಕಾಗಿ ಬೆರೆಯುತ್ತದೆ; ಏಕೆಂದರೆ ಅದರ ಜೇಡಿ ತನ್ನ ನೀರನ್ನು ಕಳೆದುಕೊಂಡು ಚಂಚಲವಾಗಿದೆ, ಇನ್ನೂ ಕರಗಿ ಗಾಜಾಗಿಲ್ಲ. ಗೋಡೆಗೆ ಅಯೋಗ್ಯವೆಂದು ಬದಿಗಿಟ್ಟದ್ದು ಕಾವೇರಿಯನ್ನು ತಡೆಯುವ ಗಾರೆಗೆ ಯೋಗ್ಯವಾಗಬಲ್ಲುದು ಎಂಬುದಕ್ಕಿಂತ ದೊಡ್ಡ ಪಾಠ ನಮಗೆ ಬೇಕಿಲ್ಲ.

ಭದ್ರಾವತಿಯಲ್ಲಿ 1923ರಲ್ಲಿ ಕಾರ್ಯಾರಂಭ ಮಾಡಿದ ಮೈಸೂರು ಕಬ್ಬಿಣದ ಕಾರ್ಖಾನೆಯು ಮರದ ಇದ್ದಿಲನ್ನು ಸುಮ್ಮನೆ ಸುಟ್ಟು ತಯಾರಿಸಲಿಲ್ಲ. ಸೌದೆಯನ್ನು ಮುಚ್ಚಿದ ಪಾತ್ರೆಗಳಲ್ಲಿ ಕಾಯಿಸಿ, ಹೊಗೆಯಾಗಿ ಹೋಗಬೇಕಾದುದನ್ನು ಹಿಡಿದು ತಣಿಸಿ, ಮದ್ಯಸಾರ, ಡಾಂಬರು ಮೊದಲಾದ ಉಪವಸ್ತುಗಳನ್ನು ಪಡೆಯಿತು. ಆ ಕಾರ್ಖಾನೆಯ ಆಡಳಿತದ ಹೊಣೆಯನ್ನು ಹೊತ್ತ ವಿಶ್ವೇಶ್ವರಯ್ಯನವರ ಕಾಲದ ಮೈಸೂರಿನಲ್ಲಿ ಶೇಷವೆಂಬುದು ಲೆಕ್ಕದ ಪುಸ್ತಕದ ಒಂದು ಅಂಕಣವಾಗಿತ್ತೇ ಹೊರತು ಊರಾಚೆಯ ಗುಂಡಿಯಾಗಿರಲಿಲ್ಲ.

ರಾಯಚೂರಿನ ಬೂದಿ

ಇಂದಿನ ಕರ್ನಾಟಕದ ಶೇಷಗಳಲ್ಲಿ ಗಾತ್ರದಿಂದ ದೊಡ್ಡವುಗಳ ಪಂಕ್ತಿಗೆ ಸೇರಿದುದು ಹಾರುಬೂದಿ. ಕೃಷ್ಣೆಯ ದಡದ ಶಕ್ತಿನಗರದಲ್ಲಿ 1985ರಲ್ಲಿ ಮೊದಲ ಘಟಕವನ್ನು ಕಂಡ ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರ ಈಗ 1720 ಮೆಗಾವ್ಯಾಟ್ ಸಾಮರ್ಥ್ಯದ್ದು; ಬಳ್ಳಾರಿ ಜಿಲ್ಲೆಯ ಕುಡುತಿನಿಯಲ್ಲಿರುವ ಕೇಂದ್ರದ್ದು 1700 ಮೆಗಾವ್ಯಾಟ್. ಭಾರತದ ಕಲ್ಲಿದ್ದಲಿನಲ್ಲಿ ಶೇಕಡಾ 30ರಿಂದ 40ರಷ್ಟು ಬೂದಿಯೇ ಇರುವುದರಿಂದ, ಹತ್ತು ಟನ್ ಕಲ್ಲಿದ್ದಲು ಉರಿದಾಗ ಮೂರರಿಂದ ನಾಲ್ಕು ಟನ್ ಬೂದಿ ಉಳಿಯುತ್ತದೆ. ನಾವು ಜೆಪಿ ನಗರದಲ್ಲಿ ದೀಪದ ಗುಂಡಿಯನ್ನು ಒತ್ತಿದಾಗ ಎಲ್ಲಿಯೋ ದೂರದಲ್ಲಿ ಒಂದು ಚಿಟಿಕೆ ಬೂದಿ ನಮ್ಮ ಹೆಸರಿಗೆ ಜಮೆಯಾಗುತ್ತಿರುತ್ತದೆ.

ಆವಿಗೆಯ ದೃಷ್ಟಿಯಿಂದ ಈ ಬೂದಿ ಬೆಲೆಬಾಳುವಂಥದು. ಅದರ ಬಹುಭಾಗ ಸಿಲಿಕಾ ಮತ್ತು ಅಲ್ಯುಮಿನಾ. ಎಂದರೆ ಮಣ್ಣಿನ ಧಾತುಗಳೇ. ಒಮ್ಮೆ ಕುಲುಮೆಯನ್ನು ಕಂಡದ್ದಾದುದರಿಂದ ಅದು ಎಲುಬಿನ ಕೆಲಸ ಮಾಡುತ್ತದೆ. ರಾಯಚೂರು ಬಳ್ಳಾರಿಗಳ ಎರೆಮಣ್ಣು ಒಣಗುವಾಗ ಸೀಳಿಹೋಗುವಷ್ಟು ಕುಗ್ಗುವುದರಿಂದ ಇಟ್ಟಿಗೆಗೆ ಒಗ್ಗುವುದು ಕಷ್ಟ; ಅದಕ್ಕೆ ಬೂದಿಯನ್ನು ಬೆರೆಸಿದಾಗ ಆ ಕುಗ್ಗುವಿಕೆ ಇಳಿಯುತ್ತದೆ. ಬೂದಿಯಲ್ಲಿ ಉರಿಯದೆ ಉಳಿದ ಅಲ್ಪ ಇಂಗಾಲವು ಇಟ್ಟಿಗೆಯ ಒಳಗೇ ಉರಿದು ಗೂಡಿನ ಇಂಧನವನ್ನು ಉಳಿಸುತ್ತದೆ. ಹೀಗೆ ಸುಟ್ಟ ಜೇಡಿ-ಬೂದಿ ಇಟ್ಟಿಗೆಗೆ ಭಾರತೀಯ ಮಾನಕ ಸಂಸ್ಥೆ 1993ರಲ್ಲಿಯೇ ಐಎಸ್ 13757 ಎಂಬ ಮಾನಕವನ್ನು ಗೊತ್ತುಪಡಿಸಿದೆ. ಕೇಂದ್ರ ಸರ್ಕಾರದ 1999ರ ಸೆಪ್ಟೆಂಬರಿನ ಅಧಿಸೂಚನೆಯು, ಶಾಖೋತ್ಪನ್ನ ಕೇಂದ್ರಗಳಿಂದ 50 ಕಿಲೋಮೀಟರ್ ಒಳಗಿನ ಇಟ್ಟಿಗೆ ತಯಾರಕರು ಶೇಕಡಾ 25ರಷ್ಟು ಬೂದಿಯನ್ನು ಬೆರೆಸಲೇಬೇಕೆಂದಿತು; 2016ರಲ್ಲಿ ಬೂದಿಯ ಬಳಕೆಯ ಈ ವ್ಯಾಪ್ತಿ 300 ಕಿಲೋಮೀಟರ್‌ಗೆ ಹಿಗ್ಗಿತು; 2021ರ ಡಿಸೆಂಬರಿನ ಅಧಿಸೂಚನೆ ಬೂದಿಯನ್ನೆಲ್ಲ ಸದ್ವಿನಿಯೋಗ ಮಾಡುವ ಹೊಣೆಯನ್ನು ವಿದ್ಯುತ್ ಕೇಂದ್ರದ ಮೇಲೆಯೇ ಹೊರಿಸಿತು.

ಇಲ್ಲಿ ಒಂದು ಭೇದವನ್ನು ಸ್ಪಷ್ಟಪಡಿಸುವುದು ನನ್ನ ಕರ್ತವ್ಯ. ಕನಕಪುರ ರಸ್ತೆಯ ಅಂಗಡಿಗಳಲ್ಲಿ ಹಾರುಬೂದಿ ಇಟ್ಟಿಗೆಯೆಂದು ಮಾರಾಟವಾಗುವ ಬೂದುಬಣ್ಣದ ಇಟ್ಟಿಗೆ ಬಹುಮಟ್ಟಿಗೆ ಆವಿಗೆಯನ್ನು ಕಂಡದ್ದಲ್ಲ. ಸುಣ್ಣ ಅಥವಾ ಸಿಮೆಂಟಿನ ಬಲದಿಂದ ನೀರುಣಿಸಿ ಗಟ್ಟಿಮಾಡಿದ್ದು. ಅದು ಹೀನವೆಂದು ನಾನು ಹೇಳುತ್ತಿಲ್ಲ. ನಮ್ಮದೇ ನಗರದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಆರಂಭಿಸಿದ ‘ಅಸ್ತ್ರ’ ಕೇಂದ್ರದ ಪರಂಪರೆಯಲ್ಲಿ, ಕೆ. ಎಸ್. ಜಗದೀಶ್, ಬಿ. ವಿ. ವೆಂಕಟರಾಮ ರೆಡ್ಡಿ ಮೊದಲಾದ ವಿದ್ವಾಂಸರು ಸುಡದ ಮಣ್ಣಿನ ಇಟ್ಟಿಗೆಯನ್ನು ದಶಕಗಳ ಕಾಲ ಸಾಧನೆಮಾಡಿ ತೋರಿಸಿದ್ದಾರೆ. ಸುಟ್ಟ ಇಟ್ಟಿಗೆಯೊಂದಕ್ಕೆ ಸುಮಾರು 4.25 ಮೆಗಾಜೌಲ್ ಶಕ್ತಿ ವ್ಯಯವಾಗುತ್ತದೆಯೆಂದು 2003ರಲ್ಲಿ ಪ್ರಕಟವಾದ ಅವರ ಲೆಕ್ಕ ನಮ್ಮಂಥ ಸುಡುವವರ ಕಣ್ಣನ್ನು ತೆರೆಯಿಸತಕ್ಕದ್ದು. ಸುಡದೆ ಆಗುವ ಕೆಲಸಕ್ಕೆ ಸುಡಬಾರದು. ಸುಡಲೇಬೇಕಾದ ಹಂಚು, ಬಿಲ್ಲೆ, ಕೊಳವೆಗಳ ವಿಷಯದಲ್ಲಿ ಸುಡುವುದನ್ನು ಸಾರ್ಥಕಪಡಿಸಬೇಕು. ಇದು ನಾನು ತಲಪಿರುವ ನಿಲುವು.

ಜಿಗಣಿಯ ಕಲ್ಲಿನ ಕೆಸರು

ರಾಯಚೂರು ನಮ್ಮಿಂದ ನಾನೂರು ಕಿಲೋಮೀಟರ್‌ಗಳಷ್ಟು ದೂರ. ಇನ್ನೂ ಹತ್ತಿರದ, ಬನ್ನೇರುಘಟ್ಟದ ಆಚೆಗೇ ಬಿದ್ದಿರುವ ಶೇಷವೊಂದರ ಕಡೆಗೆ ನಿಮ್ಮ ಗಮನವನ್ನು ಸೆಳೆಯಬೇಕೆಂಬುದೇ ಈ ಉಪನ್ಯಾಸದ ಮುಖ್ಯೋದ್ದೇಶ.

ಲಾಲ್‌ಬಾಗಿನ ಬಂಡೆಯ ಮೇಲೆ ಕುಳಿತು ಸೂರ್ಯಾಸ್ತವನ್ನು ನೋಡದ ದಕ್ಷಿಣ ಬೆಂಗಳೂರಿನವರು ವಿರಳ. ಮುನ್ನೂರು ಕೋಟಿ ವರ್ಷಗಳಷ್ಟು ಹಿಂದಿನ ಆ ಶಿಲೆಗೆ ಮೈಸೂರು ಭೂವಿಜ್ಞಾನ ಇಲಾಖೆಯ ಸ್ಮೀತ್ 1916ರಲ್ಲಿ ಪೆನಿನ್ಸುಲಾರ್ ನೈಸ್ ಎಂದು ಹೆಸರಿಟ್ಟರು. ಬೆಣಚು, ಫೆಲ್ಡ್‌ಸ್ಪಾರ್, ಅಭ್ರಕ, ಈ ಮೂರೇ ಅದರ ಪ್ರಧಾನ ದ್ರವ್ಯ. ಕನಕಪುರ ಸೀಮೆಯ ಕಲ್ಲುಗಣಿಗಳಿಂದ ಬರುವ ಗ್ರಾನೈಟೂ ಇದೇ ಕುಲದ್ದು. ಈ ಕಲ್ಲುಗಳನ್ನು ಕೊಯ್ದು ಮೆರುಗುಕೊಡುವ ಕಾರ್ಖಾನೆಗಳು ಆನೇಕಲ್ ತಾಲ್ಲೂಕಿನ ಜಿಗಣಿಯ ಕೈಗಾರಿಕಾ ಪ್ರದೇಶದಲ್ಲಿ ಸಾಲುಸಾಲಾಗಿವೆ. ನಮ್ಮ ಅಡುಗೆಮನೆಯ ಕಟ್ಟೆಗೂ ಮೆಟ್ಟಿಲಿಗೂ ಹೊಸ್ತಿಲಿಗೂ ಬರುವ ನುಣುಪಾದ ಕಲ್ಲು ಬಹುವಾಗಿ ಅಲ್ಲಿಂದಲೇ.

ಒಂದು ಸಣ್ಣ ಗಣಿತವನ್ನು ಮಾಡೋಣ. ಎರಡು ಸೆಂಟಿಮೀಟರ್ ದಪ್ಪದ ಒಂದು ಸ್ಲ್ಯಾಬನ್ನು ಬಂಡೆಯಿಂದ ಬೇರ್ಪಡಿಸುವಾಗ ಗರಗಸವು ಸುಮಾರು ಅರ್ಧ ಸೆಂಟಿಮೀಟರಿನಷ್ಟು ಕಲ್ಲನ್ನು ಪುಡಿಮಾಡಿ ತಿನ್ನುತ್ತದೆ. ಎಂದರೆ, ಮೆರುಗಿನ ಸವಕಳಿಯನ್ನು ಬಿಟ್ಟೂ, ಕೊಯ್ದ ಕಲ್ಲಿನಲ್ಲಿ ಐದರಲ್ಲೊಂದು ಪಾಲು ಪುಡಿಯಾಗಿ ನೀರಿನೊಡನೆ ಹರಿದುಹೋಗುತ್ತದೆ. ಅಂಥ ಕಾರ್ಖಾನೆಯೊಂದರ ಅಂಗಳದಲ್ಲಿ ಆ ಕೆಸರನ್ನು, ಅಲ್ಲಿಯವರು ಸ್ಲರಿ ಎಂದೇ ಕರೆಯುವುದನ್ನು, ನಾನು ನೋಡಿದ್ದೇನೆ. ತೊಟ್ಟಿಯಲ್ಲಿರುವಾಗ ನೀರು ಬೆರೆಸಿದ ಹಾಲಿನಂತೆ. ತಳಕ್ಕೆ ಇಳಿದು ಒಣಗಿದಾಗ ಬಿರುಕುಬಿಟ್ಟ ಬಿಳಿಬೂದು ಹೆಂಟೆಗಳಂತೆ. ಹೆಂಟೆಯನ್ನು ಅಂಗೈಯಲ್ಲಿ ತಿಕ್ಕಿದರೆ ಹಣೆಗಿಡುವ ವಿಭೂತಿಯಷ್ಟು ನಯ. “ಇದನ್ನು ಕೇಳುವವರಿಲ್ಲ ಸಾರ್, ಸಾಗಹಾಕಲು ನಾವೇ ದುಡ್ಡು ಕೊಡಬೇಕು” ಎಂದು ಅಲ್ಲಿಯ ಮೇಲ್ವಿಚಾರಕರು ಹೇಳಿದರು. ಬಯಲಿನಲ್ಲಿ ಸುರಿದಾಗ ಆ ನಯವಾದ ಪುಡಿ ಮಣ್ಣಿನ ರಂಧ್ರಗಳನ್ನು ಮುಚ್ಚಿ ಮಳೆನೀರು ಇಂಗದಂತೆ ಮಾಡುತ್ತದೆ. ಬೇಸಗೆಯಲ್ಲಿ ಧೂಳಾಗಿ ಎದ್ದು ಗಿಡದ ಎಲೆಯನ್ನೂ ಮನುಷ್ಯನ ಶ್ವಾಸಕೋಶವನ್ನೂ ಸೇರುತ್ತದೆ.

ಈಗ ಇನ್ನೊಂದು ದೃಶ್ಯವನ್ನು ನೋಡಿ. ನಾವು ಬನಶಂಕರಿಯ ಮಳಿಗೆಗಳಲ್ಲಿ ಕೊಳ್ಳುವ ಟೈಲುಗಳ ಬಹುಪಾಲು ಗುಜರಾತಿನ ಮೋರ್ಬಿಯಿಂದ ಬರುತ್ತದೆ. ಅವುಗಳ ಬೆಸುಗೆಗೆ ಬೇಕಾದ ಫೆಲ್ಡ್‌ಸ್ಪಾರನ್ನು ರಾಜಸ್ಥಾನ ಮೊದಲಾದ ಕಡೆ ಬೆಟ್ಟವನ್ನು ಅಗೆದು ತೆಗೆದು, ಬಾಲ್‌ಮಿಲ್ಲುಗಳಲ್ಲಿ ಗಂಟೆಗಟ್ಟಲೆ ನೀರಿನೊಡನೆ ಅರೆದು ನುಣ್ಣಗೆ ಮಾಡಬೇಕು. ಆ ಅರೆಯುವಿಕೆಗೆ ತಗಲುವ ವಿದ್ಯುತ್ತು ಸಣ್ಣದಲ್ಲ. ಜಿಗಣಿಯ ಕೆಸರು ಏನು? ಆಗಲೇ ಅರೆದು ಸಿದ್ಧವಾದ ಫೆಲ್ಡ್‌ಸ್ಪಾರ್ ಮತ್ತು ಬೆಣಚು. ಒಂದೂರಿನವರು ಬೆಟ್ಟ ಕಡಿದು ಅರೆಯುವ ವಸ್ತುವನ್ನೇ ಇನ್ನೊಂದೂರಿನವರು ಅರೆದು ಚೆಲ್ಲುತ್ತಿದ್ದಾರೆ. ಇಬ್ಬರ ನಡುವೆ ಕೊಂಡಿಯಾಗಬಲ್ಲ ಒಂದು ಕುಲುಮೆ ಬೇಕು. ಗ್ರಾನೈಟನ್ನು ಹೇರಳವಾಗಿ ಕೊಯ್ಯುವ ಬ್ರೆಜಿಲ್ ದೇಶದ ಸಂಶೋಧಕರು ಈ ಕೆಸರನ್ನು ಇಟ್ಟಿಗೆ ಹಂಚುಗಳ ಮಿಶ್ರಣದಲ್ಲಿ ಪರೀಕ್ಷಿಸಿ ಅನುಕೂಲಕರ ಫಲಿತಾಂಶಗಳನ್ನು ಪ್ರಕಟಿಸಿದ್ದಾರೆ.

ಆದರೂ ಉತ್ಸಾಹದಲ್ಲಿ ಸತ್ಯವನ್ನು ಮರೆಯಬಾರದು. ಗ್ರಾನೈಟಿನ ಪುಡಿ ಬೆಸುಗೆಯಾಗುವುದು 1100 ಡಿಗ್ರಿಯ ಮೇಲೆ. ನಮ್ಮ ಹಳ್ಳಿಗಾಡಿನ ಸೌದೆಯ ಗೂಡುಗಳು ಆ ಶಾಖವನ್ನು ಮುಟ್ಟುವುದಿಲ್ಲ. ಅಲ್ಲಿ ಅದು ಕರಗದೆ ಎಲುಬಾಗಿಯೇ ಉಳಿಯುತ್ತದೆ. ಅತಿಯಾಗಿ ಬೆರೆಸಿದರೆ ಮೈ ಕೊಡುವ ಜೇಡಿ ಸಾಲದೆ ಇಟ್ಟಿಗೆಯ ಅಂಚುಗಳು ಉದುರುತ್ತವೆ. ಆದುದರಿಂದ ಇಟ್ಟಿಗೆಯವರು ಹತ್ತರಲ್ಲೊಂದು ಪಾಲಿನಿಂದ ಪ್ರಾರಂಭಿಸಿ, ಪ್ರತಿಯೊಂದು ಗೂಡಿನ ಇಟ್ಟಿಗೆಯನ್ನೂ ಪರೀಕ್ಷಿಸುತ್ತ ಮುಂದುವರಿಯಬೇಕು. ಅದರ ಪೂರ್ಣ ಪ್ರಯೋಜನವನ್ನು ಪಡೆಯತಕ್ಕವರು ಟೈಲ್ ಕಾರ್ಖಾನೆಯವರು. ಹಳೆಯ ಗರಗಸಗಳಲ್ಲಿ ಉಕ್ಕಿನ ಗುಂಡುಗಳನ್ನು ಬಳಸುವುದರಿಂದ ಕೆಸರಿನಲ್ಲಿ ಕಬ್ಬಿಣದ ಕಣಗಳಿರುತ್ತವೆ. ಅವು ಬಿಲ್ಲೆಯ ಮೇಲೆ ಕಪ್ಪು ಚುಕ್ಕೆಗಳಾಗಿ ಕಾಣಿಸಿಕೊಳ್ಳುತ್ತವೆ. ಅಯಸ್ಕಾಂತದಿಂದ ಅವನ್ನು ಸೆಳೆದು ತೆಗೆಯುವುದು ಕಷ್ಟವಲ್ಲ. ಯಂತ್ರ ಇದೆ, ವಸ್ತು ಇದೆ, ವಿದ್ಯೆ ಇದೆ. ಇಲ್ಲದಿರುವುದು ಇವುಗಳನ್ನು ಒಂದೆಡೆ ಸೇರಿಸುವ ಸಂಕಲ್ಪ.

ಕೋಲಾರದ ದಿಬ್ಬಗಳೂ ವಿವೇಕವೂ

ಎಲುಬಿನ ಕೆಲಸಕ್ಕೆ ಒದಗಬಹುದಾದ ಇನ್ನೊಂದು ಮಹಾರಾಶಿ ಕೋಲಾರದ ಚಿನ್ನದ ಗಣಿಯದು. 1880ರಿಂದ 2001ರ ಫೆಬ್ರವರಿಯವರೆಗೆ ಅಲ್ಲಿ ಭೂಗರ್ಭದಿಂದ ತೆಗೆದ ಅದಿರನ್ನು ಅರೆದು, ಚಿನ್ನವನ್ನು ಸೈನೈಡಿನಲ್ಲಿ ಕರಗಿಸಿ ತೆಗೆದುಕೊಂಡ ಮೇಲೆ ಉಳಿದ ಪುಡಿ, 13 ದಿಬ್ಬಗಳಲ್ಲಿ ಸುಮಾರು 3.3 ಕೋಟಿ ಟನ್ನಿನಷ್ಟು ಬಿದ್ದಿದೆ. ಊರಿನವರು ಅವನ್ನು ಸೈನೈಡ್ ದಿಬ್ಬವೆನ್ನುತ್ತಾರೆ. ಗಾಳಿಯ ಕಾಲದಲ್ಲಿ ಅವುಗಳ ಧೂಳು ಬಾಗಿಲು ಮುಚ್ಚಿದ ಮನೆಯೊಳಗೂ ನುಗ್ಗುತ್ತದೆ. ಈ ಪುಡಿಗೆ ಎರೆಮಣ್ಣು, ಕೆಮ್ಮಣ್ಣುಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿ, 750, 850, 950 ಡಿಗ್ರಿಗಳಲ್ಲಿ ಸುಟ್ಟು ಇಟ್ಟಿಗೆ ಮಾಡಿ ನೋಡಿದ ಪ್ರಯೋಗವು 2007ರಲ್ಲಿ ಪ್ರಕಟವಾಗಿದೆ. ಸಿಮೆಂಟು ಬೆರೆಸಿದ ಇಟ್ಟಿಗೆ ದುಬಾರಿಯೆಂದೂ ಮಣ್ಣು ಬೆರೆಸಿ ಸುಟ್ಟ ಇಟ್ಟಿಗೆ ಮಿತವ್ಯಯದ್ದೆಂದೂ ಆ ಸಂಶೋಧಕರು ಕಂಡುಕೊಂಡರು. ದಿಬ್ಬಗಳಲ್ಲಿ ಉಳಿದಿರುವ ಚಿನ್ನಕ್ಕಾಗಿ ಅವುಗಳನ್ನು ಮತ್ತೆ ಸಂಸ್ಕರಿಸುವ ಯೋಜನೆಗೆ ರಾಜ್ಯ ಸರ್ಕಾರ 2024ರ ಜೂನ್ ತಿಂಗಳಲ್ಲಿ ಒಪ್ಪಿಗೆಯಿತ್ತಿದೆ. ಗ್ರಾಂ ಲೆಕ್ಕದ ಚಿನ್ನವನ್ನು ತೆಗೆದ ಬಳಿಕ ಟನ್ ಲೆಕ್ಕದ ಪುಡಿ ಪುನಃ ಅಲ್ಲಿಯೇ ಉಳಿಯುವುದು ನಿಶ್ಚಯ. ಅದರ ಗತಿಯನ್ನೂ ಇಂದೇ ಯೋಚಿಸುವುದು ಯುಕ್ತ.

ಆದರೆ ಗಣಿಯ ಶೇಷವನ್ನಾಗಲಿ, ಬೂದಿಯನ್ನಾಗಲಿ, ಪರೀಕ್ಷಿಸದೆ ಗೃಹಕ್ಕೆ ತರಬಾರದು. ಮೂರು ಪ್ರಶ್ನೆಗಳಿಗೆ ಉತ್ತರ ದೊರೆಯಬೇಕು. ಶೇಷದೊಳಗೆ ಏನಿದೆ? ಅದನ್ನು ಸುಡುವಾಗ ಯಾವುದು ಹೊಗೆಯಾಗಿ ಹೋಗುತ್ತದೆ? ಸುಟ್ಟ ಮೇಲೆ, ಮಳೆಗೂ ಆಮ್ಲಕ್ಕೂ ಯಾವುದು ಕರಗಿ ಹೊರಬರುತ್ತದೆ? ಅನೇಕ ಲೋಹಗಳನ್ನು ಆವಿಗೆಯ ಗಾಜು ಗಟ್ಟಿಯಾಗಿ ಬಂಧಿಸಿಡುತ್ತದೆಯೆಂಬುದು ನಿಜ. ಎಲ್ಲವನ್ನೂ ಅಲ್ಲ. ಪೀಣ್ಯದ ಲೋಹಲೇಪನದ ಕಾರ್ಖಾನೆಗಳ ಕೆಸರಿನಲ್ಲಿರುವ ಕ್ರೋಮಿಯಂ ಇದಕ್ಕೆ ನಿದರ್ಶನ: ಸೌಮ್ಯ ರೂಪದಲ್ಲಿರುವ ಕ್ರೋಮಿಯಂ ಕೂಡ, ಸುಣ್ಣದ ಸಾನ್ನಿಧ್ಯದಲ್ಲಿ, ಗಾಳಿಯಾಡುವ ಗೂಡಿನಲ್ಲಿ ಸುಟ್ಟಾಗ, ನೀರಿನಲ್ಲಿ ಕರಗುವ ವಿಷರೂಪಕ್ಕೆ ತಿರುಗಬಲ್ಲುದು. ಇಲ್ಲಿ ಬೆಂಕಿ ಪಾವನವಲ್ಲ. ಅಂಥದ್ದು ದಾಬಸ್‌ಪೇಟೆಯ ಅಪಾಯಕಾರಿ ತ್ಯಾಜ್ಯದ ಸುರಕ್ಷಿತ ನೆಲೆಗೆ ಹೋಗತಕ್ಕದ್ದೇ ಹೊರತು ಮಕ್ಕಳು ಒರಗಿ ಕುಳಿತುಕೊಳ್ಳುವ ಗೋಡೆಗೆ ಬರತಕ್ಕದ್ದಲ್ಲ. ಬೇಡವೆನ್ನುವ ಧೈರ್ಯವಿಲ್ಲದವನು ಬೇಕೆನ್ನುವ ಮಾತಿಗೂ ಬೆಲೆಯಿರದು.

ಗೃಹಸ್ಥರಲ್ಲಿ ಒಂದು ಬಿನ್ನಹ

ಹಾಗಾದರೆ ಅಡ್ಡಿ ಎಲ್ಲಿದೆ? ಶೇಷದ ಗುಣ ದಿನದಿಂದ ದಿನಕ್ಕೆ ಬದಲಾಗುವುದು ಒಂದು ಅಡ್ಡಿ. ಅಗ್ಗದ ವಸ್ತುವಿಗೆ ಸಾಗಣೆಯ ವೆಚ್ಚ ತಾಳದಿರುವುದು ಎರಡನೆಯದು. ಇವೆರಡಕ್ಕೂ ಪರಿಹಾರ ಸಾಮೀಪ್ಯದಲ್ಲಿದೆ: ಜಿಗಣಿಯ ಕೆಸರಿಗೆ ಆನೇಕಲ್ ಮಾಲೂರುಗಳ ಗೂಡು, ಎರೆಮಣ್ಣಿನ ಸೀಮೆಗೆ ರಾಯಚೂರಿನ ಬೂದಿ, ಕೋಲಾರದ ಪುಡಿಗೆ ಕೋಲಾರದ ಕೆಮ್ಮಣ್ಣು, ಹೀಗೆ. ಮೂರನೆಯ ಅಡ್ಡಿ ಎಲ್ಲಕ್ಕಿಂತ ದೊಡ್ಡದು. ಅದು ಕೊಳ್ಳುವವನ ಅಪನಂಬಿಕೆ. ತ್ಯಾಜ್ಯದ ಇಟ್ಟಿಗೆ ಎಂದೊಡನೆ ಮುಖ ತಿರುಗಿಸುವವರು, ತಮ್ಮ ಅಜ್ಜನ ಮನೆಯ ತಾರಸಿ ಒಡಕು ಇಟ್ಟಿಗೆಯ ಮೇಲೆಯೇ ಅರುವತ್ತು ಮಳೆಗಾಲಗಳನ್ನು ತಡೆಯಿತೆಂಬುದನ್ನು ನೆನೆಯಬೇಕು.

ಅಪನಂಬಿಕೆಗೆ ಉಪದೇಶ ಮದ್ದಲ್ಲ, ಪರೀಕ್ಷೆ ಮದ್ದು. ಮತ್ತು ಆ ಪರೀಕ್ಷೆಯನ್ನು ಯಾವ ಗೃಹಿಣಿಯೂ ಅಡುಗೆಮನೆಯ ತಕ್ಕಡಿಯಿಂದ ಮಾಡಬಹುದು. ಚೆನ್ನಾಗಿ ಒಣಗಿದ ಸುಟ್ಟ ಇಟ್ಟಿಗೆಯೊಂದನ್ನು ತೂಗಿ, 24 ಗಂಟೆ ನೀರಿನಲ್ಲಿ ಮುಳುಗಿಸಿಟ್ಟು, ಒರಸಿ ಮತ್ತೆ ತೂಗಿ ನೋಡಿ. ಸಾಧಾರಣ ಇಟ್ಟಿಗೆಯ ಮಾನಕದ ಪ್ರಕಾರ ಅದು ಹೀರಿದ ನೀರು ತನ್ನ ಒಣತೂಕದ ಶೇಕಡಾ 20ನ್ನು ಮೀರಕೂಡದು. ಎಂದರೆ 3 ಕಿಲೋಗ್ರಾಂ ಇಟ್ಟಿಗೆ 600 ಗ್ರಾಂಗಿಂತ ಹೆಚ್ಚು ಕುಡಿದರೆ ಅದನ್ನು ಹಿಂದಕ್ಕೆ ಕಳುಹಿಸಿ. ಇನ್ನೊಂದು ಇಟ್ಟಿಗೆಯನ್ನು ತಟ್ಟೆಯಲ್ಲಿ ಒಂದಂಗುಲ ನೀರಿಟ್ಟು ನಿಲ್ಲಿಸಿ. ನೀರೆಲ್ಲ ಆರಿದ ಮೇಲೆ ಮೈಮೇಲೆ ಬಿಳಿಯ ಉಪ್ಪು ದಟ್ಟವಾಗಿ ಅರಳಿದರೆ ಅದು ನಿಮ್ಮ ಗೋಡೆಯ ಬಣ್ಣವನ್ನು ಮುಂದೆ ಉದುರಿಸುತ್ತದೆಂದು ತಿಳಿಯಿರಿ. ಹೊಲದ ಮಣ್ಣಿನಿಂದ ಆಗಿರಲಿ, ಬೂದಿ ಕೆಸರುಗಳಿಂದ ಆಗಿರಲಿ, ಇಟ್ಟಿಗೆ ಈ ಎರಡು ಪರೀಕ್ಷೆಗಳಲ್ಲಿ ಗೆಲ್ಲಲೇಬೇಕು. ಶೇಷ ಬೆರೆತದ್ದಾದರೆ ಇವುಗಳ ಜೊತೆಗೆ ಪ್ರಯೋಗಾಲಯದ ವರದಿಯನ್ನೂ ಕೇಳಿ ಪಡೆಯತಕ್ಕದ್ದು.

ವಿದ್ಯಾರ್ಥಿಗಳಲ್ಲಿ ನನ್ನ ಕೋರಿಕೆ ಬೇರೆ. ನಿಮ್ಮ ಕಾಲೇಜಿನ ಪ್ರಾಜೆಕ್ಟಿಗೆ ದೂರದ ದೇಶದ ಶೇಷವನ್ನು ಹುಡುಕಬೇಡಿ. ಒಂದು ಚೀಲ ಹಿಡಿದು ಜಿಗಣಿಗೆ ಹೋಗಿ, ಹತ್ತು ಕಾರ್ಖಾನೆಗಳ ಹತ್ತು ಹೆಂಟೆಗಳನ್ನು ತನ್ನಿ, ಅವುಗಳ ಸಂಯೋಜನೆಯ ಪಟ್ಟಿಯನ್ನು ಕನ್ನಡದಲ್ಲಿ ಬರೆದು ಇಟ್ಟಿಗೆ ಗೂಡಿನವರ ಕೈಗೆ ಕೊಡಿ. ಅಂಥ ಒಂದು ಪಟ್ಟಿ ಹತ್ತು ಭಾಷಣಗಳಿಗಿಂತ ಹೆಚ್ಚಿನ ಕೆಲಸ ಮಾಡೀತು.

ಮನೆ ಕಟ್ಟುವವರಿಗೂ, ಹಳೆಯ ಮನೆಯನ್ನು ಕೆಡಹುವವರಿಗೂ ಕೊನೆಯದಾಗಿ ಹೇಳುವ ಮಾತು ಇದು. ಕೆಡಹುವ ಮುನ್ನ ಹಂಚು, ಬಿಲ್ಲೆ, ಇಟ್ಟಿಗೆಗಳನ್ನು ಸಿಮೆಂಟು ಕಬ್ಬಿಣಗಳಿಂದ ಬೇರ್ಪಡಿಸಿಡಿ. ಬೆರೆತದ್ದು ಕಸ, ಬೇರ್ಪಟ್ಟದ್ದು ಸಾಮಗ್ರಿ. ಕಟ್ಟುವ ಮುನ್ನ, ಇಟ್ಟಿಗೆಯ ಬೆಲೆ ಎಷ್ಟೆಂದು ವಿಚಾರಿಸುವ ಮೊದಲು, ಅದು ಯಾವ ಮಣ್ಣಿನದೆಂದು ವಿಚಾರಿಸಿ. ಆ ಪ್ರಶ್ನೆಯನ್ನು ನೂರು ಮಂದಿ ಗೃಹಸ್ಥರು ಕೇಳತೊಡಗಿದ ದಿನ ಅಂಗಡಿಯವನು ಅದಕ್ಕೆ ಉತ್ತರವನ್ನು ಹುಡುಕಿಯೇ ಹುಡುಕುತ್ತಾನೆ. ದಯಮಾಡಿ ಕೇಳಲು ಪ್ರಾರಂಭಿಸಿ.